ಟೇಪ್ ಕಚ್ಚಿಕೊಂಡು ಕೂತ ಡ್ರೈವ್, ಮತ್ತೆ ಅದಕ್ಕೊಂದು ಸಾಫ್ಟ್‌ವೇರ್ ಹುಡುಕಿದ್ದು

ಡ್ರೈವ್‌ನ ಹಸಿರು ದೀಪ ಮಿಣುಕುತ್ತಲೇ ಇತ್ತು. ಇಪ್ಪತ್ತು ನಿಮಿಷ ಆಗಿತ್ತು. ಒಳಗೆ ಟೇಪ್ ಇದೆ, ಆದರೆ ಮೋಟಾರ್ ಸದ್ದಿಲ್ಲ. ಟೇಪ್ ಹೊರಗೆ ಹಾಕೋ ಬಟನ್ ಒತ್ತಿದರೂ ಕ್ಯಾರೇ ಅನ್ನಲಿಲ್ಲ. ಹಿಂದೆ ನಿಂತಿದ್ದ ಭಾವ, "ಎಂಥದ್ದು ಮಾರಾಯ, ಕ್ಯಾಸೆಟ್ ನುಂಗಿಬಿಡ್ತಾ?" ಅಂದರು. ಟೇಪ್ ರೆಕಾರ್ಡರ್ ಕಾಲದವರು. ಪೆನ್ಸಿಲ್ ತೂರಿಸಿ ಸುತ್ತಿದ್ದೆಲ್ಲ ನೆನಪಾಗಿರಬೇಕು.

ಸಾಗರದಲ್ಲಿ ಭಾವನದ್ದು ಫೋಟೋ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶ. ಈಗೆಲ್ಲ 4ಕೆ ವಿಡಿಯೋ, ಮೂರು ಕ್ಯಾಮೆರಾ, ಮೇಲೊಂದು ಡ್ರೋನ್. ಒಂದು ಮದುವೆ ಮುಗಿಯೋ ಹೊತ್ತಿಗೆ 500 ಜಿಬಿ ಆಗಿರುತ್ತದೆ. ಇಷ್ಟು ವರ್ಷ ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗಳಿಗೆ ತುಂಬಿ ಬೀರುವಿನಲ್ಲಿ ಸಾಲಾಗಿ ಇಟ್ಟಿದ್ದರು. ಹೋದ ವರ್ಷ ಅದರಲ್ಲೊಂದು ತಿರುಗಲೇ ಇಲ್ಲ. ಒಳಗೆ ನಾಲ್ಕು ಮದುವೆ ಇದ್ದವು. ಅದರಲ್ಲಿ ಒಬ್ಬರ ಮನೆಯವರು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸ್ತಾರೆ. ಡಿಸ್ಕ್ ಬದಲು ಕಂಪ್ಯೂಟರ್ ಡೇಟಾ ಬರೆಯೋ ಮ್ಯಾಗ್ನೆಟಿಕ್ ಟೇಪ್ ಹಾಕೋಣ ಅಂತ ಹೇಳಿದವನು ನಾನೇ. ಹಾಗಾಗಿ ಡ್ರೈವ್ ಮುಷ್ಕರ ಹೂಡಿದಾಗ ಉತ್ತರ ಕೊಡಬೇಕಾದವನೂ ನಾನೇ.

ಡ್ರೈವ್ ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ಯಾವುದೋ ಆಫೀಸಿನಿಂದ ಕಳಚಿ ಬಂದ ಎಲ್‌ಟಿಒ-5, ಅಂದ್ರೆ ಎಲ್‌ಟಿಒ ಅನ್ನೋ ಬ್ಯಾಕಪ್ ಟೇಪ್ ಜಾತಿಯ ಐದನೇ ತಲೆಮಾರು, ಹೊರಗಿಡುವಂಥದ್ದು, ತನ್ನದೇ ಪವರ್ ಸಪ್ಲೈ, ತನ್ನದೇ ಫ್ಯಾನ್. ಎಲ್‌ಟಿಒದಲ್ಲಿ ಮೊದಲ ತಲೆಮಾರು 2000ದಲ್ಲಿ ಬಂದಾಗ ಒಂದು ಕಾರ್ಟ್ರಿಡ್ಜ್‌ಗೆ 100 ಜಿಬಿ ಹಿಡಿಯುತ್ತಿತ್ತು. 2010ರ ಎಲ್‌ಟಿಒ-5ರಲ್ಲಿ 1.5 ಟಿಬಿ. 2021ರ ಎಲ್‌ಟಿಒ-9ರಲ್ಲಿ 18 ಟಿಬಿ. ಹೊಸದು ಒಳ್ಳೆಯದೇ, ಆದರೆ ಆ ಡ್ರೈವ್ ಬೆಲೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ನಮಗೆ ಎಲ್‌ಟಿಒ-5 ಸಾಕು. ಅದು ಹಿಂದಿನ ಎರಡು ತಲೆಮಾರು, ಅಂದ್ರೆ 3 ಮತ್ತು 4ರ ಟೇಪ್ ಓದುತ್ತದೆ. ಬರೆಯೋದು 4 ಮತ್ತು 5ರ ಮೇಲೆ ಮಾತ್ರ. ಈ ಎರಡು-ಒಂದರ ಲೆಕ್ಕ ಎಲ್‌ಟಿಒ-7ರವರೆಗೆ ನಡೆಯಿತು. ಎಲ್‌ಟಿಒ-8 ಹಿಂದಿನ ಒಂದನ್ನು ಮಾತ್ರ ಒಪ್ಪುತ್ತದೆ. ಹಳೇ ಡ್ರೈವ್ ತಗೊಳ್ಳೋರು ಇದನ್ನು ಮೊದಲೇ ನೋಡಿಕೊಳ್ಳಿ.

ಟೇಪಿನ ಡಬ್ಬದ ಮೇಲೆ 3 ಟಿಬಿ ಅಂತ ದೊಡ್ಡದಾಗಿ ಬರೆದಿರುತ್ತದೆ. ನಂಬಬೇಡಿ. ಡೇಟಾ ಅರ್ಧಕ್ಕರ್ಧ ಕುಗ್ಗುತ್ತದೆ ಅಂತ ಹಿಡಿದು ಹಾಕಿದ ಸಂಖ್ಯೆ ಅದು. ಮದುವೆ ವಿಡಿಯೋ ಕ್ಯಾಮೆರಾದಿಂದ ಬರುವಾಗಲೇ ಕುಗ್ಗಿ ಬಂದಿರುತ್ತದೆ. ಹಿಂಡಿದ ಕಬ್ಬನ್ನ ಮತ್ತೆ ಗಾಣಕ್ಕೆ ಕೊಟ್ಟರೆ ಎಷ್ಟು ರಸ ಬಂದೀತು? ಒಂದು ಟೇಪಿಗೆ ಮೂರು ಮದುವೆ ಅಂತ ತುಂಬೋಕೆ ಹೋದರೂ ಬಿಗಿಯಾಗುತ್ತದೆ. ನಾವು ಎರಡೇ ಹಾಕಿ, ಉಳಿದ ಜಾಗಕ್ಕೆ ಸಣ್ಣಪುಟ್ಟ ಕಾರ್ಯಕ್ರಮ ಹಾಕ್ತೀವಿ.

ಡ್ರೈವ್ ಜೋಡಿಸಿದ್ದು ಒಂದು ಹಳೇ ಡೆಸ್ಕ್‌ಟಾಪ್‌ಗೆ. ಇಂಥ ಡ್ರೈವ್ ಮಾತಾಡೋದು ಎಸ್‌ಎಎಸ್ ಭಾಷೆ, ಸರ್ವರ್‌ಗಳಲ್ಲಿ ಡಿಸ್ಕ್ ಜೋಡಿಸೋ ವಿಧಾನ ಅದು. ಮದರ್‌ಬೋರ್ಡಿನಲ್ಲಿ ಸಾಮಾನ್ಯ ಡಿಸ್ಕ್‌ಗೆ ಇರೋ ಸಾಟಾ ಪೋರ್ಟ್‌ಗೆ ಚುಚ್ಚಿದರೆ ನಡೆಯೋದಿಲ್ಲ. ಎಸ್‌ಎಎಸ್ ಕಾರ್ಡ್ ಬೇಕು, ಅದೂ ರೇಡ್ ಮಾಡದೆ, ಅಂದ್ರೆ ಹಲವು ಡಿಸ್ಕ್‌ಗಳನ್ನ ಒಂದಾಗಿ ಕಟ್ಟದೆ, ಸುಮ್ನೆ ದಾಟಿಸೋ ಐಟಿ ಮೋಡ್ ಫರ್ಮ್‌ವೇರ್ ಇದ್ದರೆ ತಲೆನೋವಿಲ್ಲ. ನಾನು ಮೊದಲು ಹಾಕಿದ ರೇಡ್ ಕಾರ್ಡ್‌ನಲ್ಲಿ ಡ್ರೈವ್ ಕಾಣಲೇ ಇಲ್ಲ. ಒಂದು ಭಾನುವಾರ ಪೂರ್ತಿ ಕೇಬಲ್ಲನ್ನ ಬೈದೆ. ಕೇಬಲ್ ನಿರಪರಾಧಿ.

ಈಗ ಆ ಮಿಣುಕೋ ದೀಪಕ್ಕೆ ಬರೋಣ.

ಆವತ್ತು ಒಂದು ಬ್ಯಾಕಪ್ ಸಾಫ್ಟ್‌ವೇರ್ ಪ್ರಯೋಗಕ್ಕೆ ಹಾಕಿದ್ದೆ. ಹೆಸರು ಬೇಡ, ತಪ್ಪು ಅದರದ್ದಲ್ಲ. 80 ಜಿಬಿ ಬರೆದ ಮೇಲೆ ವೇಗ ಬಿದ್ದುಹೋಯಿತು. ಆಮೇಲೆ ನಿಂತೇಹೋಯಿತು. ನಾನು ತಡೆಯಲಾರದೆ ಕೆಲಸ ರದ್ದು ಮಾಡಿದೆ. ರದ್ದಾಗಲಿಲ್ಲ. ಪ್ರೋಗ್ರಾಂನ ಕುತ್ತಿಗೆ ಹಿಸುಕಿ ಕೊಂದೆ. ಅಲ್ಲಿಗೆ ಡ್ರೈವ್ ಮೌನ.

ಇಂಥ ಹೊತ್ತಲ್ಲಿ ಕೈ ಸೀದಾ ಪವರ್ ಸ್ವಿಚ್ಚಿಗೆ ಹೋಗುತ್ತದೆ. ಹೋಗಬಾರದು. ಬರೆಯುತ್ತಿರುವಾಗ ಕರೆಂಟ್ ತೆಗೆದರೆ, ಡೇಟಾ ಇಲ್ಲಿಗೆ ಮುಗಿಯಿತು ಅನ್ನೋ ಗುರುತನ್ನ ಡ್ರೈವ್ ಟೇಪಿನ ಮೇಲೆ ಬರೆದಿರೋದಿಲ್ಲ. ಆಮೇಲೆ ಆ ಟೇಪ್ ಓದುವಾಗ ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಾಗದೆ ಪರದಾಡುತ್ತದೆ. ರೀಸೆಟ್ ಅಂದ್ರೆ ಒಂದೇ ಬಟನ್ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಅದರಲ್ಲಿ ನಾಲ್ಕೈದು ಮೆಟ್ಟಿಲು ಇವೆ. ಮೇಲಿನ ಮೆಟ್ಟಿಲಿಂದ ಮೆತ್ತಗೆ ಇಳಿಯಬೇಕು.

ಮೊದಲು ನೋಡಿದ್ದು, ಡ್ರೈವ್ ಯಾರ ಕೈಯಲ್ಲಿದೆ ಅಂತ. ಲಿನಕ್ಸ್‌ನಲ್ಲಿ ಎಂಟಿ ಅನ್ನೋ ಕಮಾಂಡ್ ಟೇಪಿನ ಮನೆವಾರ್ತೆಯೆಲ್ಲ ನೋಡಿಕೊಳ್ಳುತ್ತದೆ. ಎಂಟಿ ಸ್ಟೇಟಸ್ ಕೊಟ್ಟರೆ, ಸಾಧನ ಬಿಜಿ ಅಂತ ಬಂತು. ಅಂದ್ರೆ ಇನ್ನೂ ಯಾರೋ ಹಿಡಿದಿದ್ದಾರೆ. ಫ್ಯೂಸರ್ ಕಮಾಂಡ್ ಕೊಟ್ಟು ಹುಡುಕಿದೆ. ನಾನು ಕೊಂದದ್ದು ಕಿಟಕಿಯನ್ನ ಮಾತ್ರ. ಹಿಂದುಗಡೆ ಅದರ ಸರ್ವಿಸ್ ಆರಾಮಾಗಿ ಬದುಕಿತ್ತು. ಅದನ್ನ ನಿಲ್ಲಿಸೋಕೆ ಹೇಳಿದೆ. ಅದು ನಿಲ್ಲಲಿಲ್ಲ. ಪ್ರೋಸೆಸ್ ಪಟ್ಟಿಯಲ್ಲಿ ಅದರ ಮುಂದೆ ಡಿ ಅನ್ನೋ ಅಕ್ಷರ. ಈ ಡಿ ಸ್ಥಿತಿಯಲ್ಲಿರೋದನ್ನ ಯಾರೂ ಕೊಲ್ಲೋಕೆ ಆಗಲ್ಲ, ಎಲ್ಲ ಅಧಿಕಾರ ಇರೋ ರೂಟ್ ಬಳಕೆದಾರ ಆದರೂ ಅಷ್ಟೇ. ಲಿನಕ್ಸ್‌ನ ತಿರುಳಾದ ಕರ್ನಲ್, ಡ್ರೈವ್‌ಗೆ ಒಂದು ಆಜ್ಞೆ ಕೊಟ್ಟು ಉತ್ತರಕ್ಕೆ ಕಾಯ್ತಾ ಇರುತ್ತದೆ.

ಎಷ್ಟು ಹೊತ್ತು ಕಾಯುತ್ತದೆ? ಗೊತ್ತಿರೋದು ಒಳ್ಳೆಯದು. ಲಿನಕ್ಸ್‌ನ ಟೇಪ್ ಡ್ರೈವರ್ ಸಾಮಾನ್ಯ ಓದು-ಬರಹದ ಆಜ್ಞೆಗೆ 900 ಸೆಕೆಂಡು ಕೊಡುತ್ತದೆ, ಅಂದ್ರೆ ಕಾಲು ಗಂಟೆ. ಪೂರ್ತಿ ಟೇಪ್ ಅಳಿಸೋದು, ದೂರ ಸುತ್ತೋದು, ಇಂಥದ್ದಕ್ಕೆ 14,000 ಸೆಕೆಂಡು, ಹೆಚ್ಚುಕಮ್ಮಿ ನಾಲ್ಕು ಗಂಟೆ. ಎಲ್‌ಟಿಒ-5ರ ಟೇಪ್ 846 ಮೀಟರ್ ಉದ್ದ ಇದೆ. ಅಷ್ಟು ದೂರ ಹೋಗಿ ಬರೋಕೆ ಹೊತ್ತು ಬೇಕಲ್ವಾ. ನಾವು ಐದು ನಿಮಿಷಕ್ಕೆ ಸತ್ತಿದೆ ಅಂತ ತೀರ್ಮಾನ ಮಾಡ್ತೀವಿ, ಅದು ಪಾಪ ಇನ್ನೂ ಪ್ರಯತ್ನ ಮಾಡ್ತಾ ಇರುತ್ತದೆ.

ಅಕ್ಕ ಕಷಾಯ ತಂದಳು. ಕುಡಿದೆವು. ಹೊರಗೆ ಜುಲೈ ಮಳೆ ಒಂದೇ ಸಮ. ಲೋಟ ಕೆಳಗಿಡೋ ಹೊತ್ತಿಗೆ ಡಿ ಹೋಗಿ ಸರ್ವಿಸ್ ತಾನಾಗೇ ಸತ್ತಿತ್ತು.

ಈಗ ಡ್ರೈವ್ ಯಾರ ಕೈಯಲ್ಲೂ ಇಲ್ಲ. ಆದರೂ ಬಟನ್ ಕೆಲಸ ಮಾಡಲಿಲ್ಲ. ಕಾರಣ ಇದೆ. ಬ್ಯಾಕಪ್ ಸಾಫ್ಟ್‌ವೇರ್ ಕೆಲಸ ಶುರು ಮಾಡುವಾಗ, ಯಾರು ಬಟನ್ ಒತ್ತಿದರೂ ಟೇಪ್ ಬಿಡಬೇಡ ಅಂತ ಡ್ರೈವ್‌ಗೆ ಹೇಳಿಟ್ಟಿರುತ್ತದೆ. ಮುಗಿದ ಮೇಲೆ ಆ ಬೀಗ ತಾನೇ ತೆಗೆಯುತ್ತದೆ. ನಡುವೆ ಕೊಂದರೆ ಬೀಗ ತೆಗೆಯೋರು ಯಾರು? ಎಂಟಿಯಲ್ಲಿ ಅನ್‌ಲಾಕ್ ಅಂತ ಒಂದು ಆಯ್ಕೆ ಇದೆ. ಎಷ್ಟೋ ಸಲ ಇಷ್ಟಕ್ಕೇ ಟೇಪ್ ಹೊರಗೆ ಬರುತ್ತದೆ. ನನಗೆ ಇನ್‌ಪುಟ್ ಔಟ್‌ಪುಟ್ ಎರರ್ ಬಂತು.

ಮುಂದಿನ ಮೆಟ್ಟಿಲು ಎಸ್‌ಜಿ ರೀಸೆಟ್ ಅನ್ನೋ ಕಮಾಂಡ್. ಇಲ್ಲಿ ಹುಷಾರು. ಅದರಲ್ಲಿ ಬರೀ ಸಾಧನಕ್ಕೆ ರೀಸೆಟ್ ಕಳಿಸಬಹುದು, ಟಾರ್ಗೆಟ್‌ಗೆ, ಬಸ್‌ಗೆ, ಇಡೀ ಕಾರ್ಡ್‌ಗೂ ಕಳಿಸಬಹುದು. ಅದೇ ಎಸ್‌ಎಎಸ್ ಕಾರ್ಡ್‌ಗೆ ಭಾವನ ವಿಡಿಯೋ ತುಂಬಿದ ಎರಡು ಡಿಸ್ಕ್ ಕೂಡ ಜೋಡಿಸಿದ್ದೆ. ಇಡೀ ಕಾರ್ಡ್ ರೀಸೆಟ್ ಮಾಡೋದು ಅಂದ್ರೆ ಒಬ್ಬನಿಗೆ ಎಚ್ಚರ ಮಾಡೋಕೆ ಊರಿಗೇ ಡಂಗುರ ಹೊಡೆದ ಹಾಗೆ. ಸಾಧನಕ್ಕೆ ಮಾತ್ರ ಕಳಿಸಿದೆ. ಸ್ಟೇಟಸ್ ಕೇಳಿದರೆ ಈಗ ಉತ್ತರ ಬಂತು. ಖುಷಿಯಲ್ಲಿ ರಿವೈಂಡ್ ಹೇಳಿದೆ. ಮತ್ತೆ ಎರರ್.

ಉಳಿದದ್ದು ಬಟನ್ನೇ. ನನ್ನ ಹತ್ತಿರ ಇರೋ ಮಾದರಿಯಲ್ಲಿ ಮುಂದೆ ಒಂದೇ ಬಟನ್, ಪಕ್ಕದಲ್ಲಿ ಒಂದೇ ಅಕ್ಷರ ತೋರಿಸೋ ಪುಟ್ಟ ಡಿಸ್‌ಪ್ಲೇ. ಸುಮ್ನೆ ಒಮ್ಮೆ ಒತ್ತಿದರೆ ಟೇಪ್ ಹೊರಗೆ. ಹತ್ತು ಸೆಕೆಂಡು ಒತ್ತಿ ಹಿಡಿದರೆ ಡ್ರೈವ್ ತನ್ನೊಳಗಿನ ಸ್ಥಿತಿಯನ್ನ ನೆನಪಿನಲ್ಲಿ ಬರೆದಿಟ್ಟುಕೊಂಡು ಪುನಃ ಶುರುವಾಗುತ್ತದೆ. ಎರಡು ಸೆಕೆಂಡಿನೊಳಗೆ ಮೂರು ಸಲ ಒತ್ತಿದರೆ ಪರೀಕ್ಷೆಯ ಮೋಡ್. ಬೇರೆ ತಯಾರಕರದ್ದರಲ್ಲಿ ಬೇರೆ ಥರ ಇರುತ್ತದೆ. ನಿಮ್ಮ ಮಾದರಿಯ ಮ್ಯಾನುಯಲ್ ನೋಡದೆ ಒತ್ತೋಕೆ ಹೋಗಬೇಡಿ.

ಬಟನ್ ಹಿಡಿದು ಎಣಿಸಿದೆ. ಏಳು, ಎಂಟು, ಒಂಬತ್ತು. ದೀಪ ಆರಿತು. ಡಿಸ್‌ಪ್ಲೇಯಲ್ಲಿ ಗೀರುಗಳು ಓಡಿದವು. ಆಮೇಲೆ ಒಳಗಿಂದ ಸಣ್ಣ ಗುಂಯ್ ಅನ್ನೋ ಸದ್ದು. ಟೇಪ್ ಎಲ್ಲಿದೆ ಅಂತ ತಾನೇ ಹುಡುಕಿಕೊಂಡು ನಿಧಾನಕ್ಕೆ ಹಿಂದೆ ಸುತ್ತುತ್ತಿತ್ತು. ನಾಲ್ಕು ನಿಮಿಷ ಯಾರೂ ಏನೂ ಮುಟ್ಟಲಿಲ್ಲ. ಸದ್ದು ನಿಂತ ಮೇಲೆ ಒಮ್ಮೆ ಬಟನ್ ಒತ್ತಿದೆ. ಟಕ್ ಅಂತ ಕಾರ್ಟ್ರಿಡ್ಜ್ ನಾಲಿಗೆ ಚಾಚಿದ ಹಾಗೆ ಹೊರಬಂತು. ಭಾವ ಅದನ್ನ ಎರಡೂ ಕೈಯಲ್ಲಿ ತಗೊಂಡು ಬಾಗಿಲು ಸರಿಸಿ ಒಳಗೆ ಇಣುಕಿದರು. ಟೇಪ್ ಸುಕ್ಕಾಗಿರಲಿಲ್ಲ.

ಇನ್ನೊಂದು ಮಾತು. ಟೇಪ್ ಒಳಗಿದ್ದಾಗಲೇ ಡ್ರೈವ್ ರೀಸೆಟ್ ಆದರೆ, ಟೇಪ್ ಎಲ್ಲಿ ನಿಂತಿದೆ ಅನ್ನೋದು ಲಿನಕ್ಸ್‌ಗೆ ಗೊತ್ತಿರೋದಿಲ್ಲ. ರಿವೈಂಡ್ ಮಾಡೋವರೆಗೂ ಓದೋಕೆ, ಬರೆಯೋಕೆ ಬಿಡೋದಿಲ್ಲ, ಎರರ್ ಕೊಡುತ್ತದೆ. ಅದು ಕೆಟ್ಟಿರೋದಲ್ಲ, ಜಾಗ್ರತೆ. ಇಲ್ಲದಿದ್ದರೆ ಎರಡನೇ ಮದುವೆ ಮೊದಲನೇ ಮದುವೆಯ ಮೇಲೆ ಬಂದು ಕೂರುತ್ತದೆ.

ಟೇಪ್ ಹೊರಗೆ ಬಂತು. ಆದರೆ ಕಾರಣ? ಡಿಸ್‌ಪ್ಲೇಯಲ್ಲಿ ಈಗ ಸಿ ಅಂತ ಒಂದೇ ಅಕ್ಷರ. ಟೇಪ್ ಓದಿ ಬರೆಯೋ ಹೆಡ್ ಕೊಳೆಯಾಗಿದೆ, ತೊಳಿ ಅಂತ ಅರ್ಥ. ಕೊಳೆ ಹೆಡ್‌ನಲ್ಲಿ ಡ್ರೈವ್ ಒಂದೇ ಜಾಗವನ್ನ ಮತ್ತೆ ಮತ್ತೆ ಬರೆದು ನೋಡುತ್ತಿತ್ತು, ಅದಕ್ಕೇ ವೇಗ ಬಿದ್ದದ್ದು. ಟೇಪ್‌ಇನ್ಫೋ ಅನ್ನೋ ಕಮಾಂಡ್‌ನಲ್ಲೂ 20ನೇ ಎಚ್ಚರಿಕೆ ಎದ್ದಿತ್ತು, ಅದೂ ಈಗಲೇ ತೊಳಿ ಅನ್ನೋದೇ. ಭಾವನಿಗೆ ತೋರಿಸೋಣ ಅಂತ ಮತ್ತೊಮ್ಮೆ ಕಮಾಂಡ್ ಕೊಟ್ಟರೆ ಎಚ್ಚರಿಕೆ ಮಾಯ. ಈ ಎಚ್ಚರಿಕೆಗಳು ಒಮ್ಮೆ ಓದಿದ ಕೂಡಲೇ ಅಳಿಸಿಹೋಗುತ್ತವೆ. ಮೊದಲ ಸಲವೇ ಬರೆದಿಟ್ಟುಕೊಳ್ಳಬೇಕು.

ತೊಳೆಯೋಕೆ ಅಂತಲೇ ಬೇರೆ ಕಾರ್ಟ್ರಿಡ್ಜ್ ಬರುತ್ತದೆ. ಒಳಗೆ ತಳ್ಳಿದರೆ ತಾನೇ ತೊಳೆದು ತಾನೇ ಹೊರಗೆ ಬರುತ್ತದೆ. ಸಾಮಾನ್ಯವಾಗಿ 50 ಸಲಕ್ಕೆ ಬರುತ್ತದೆ. ಆದರೆ ವಾರಕ್ಕೊಮ್ಮೆ ಅಭ್ಯಂಜನ ಮಾಡಿಸೋಕೆ ಹೋಗಬೇಡಿ. ಆ ಟೇಪ್ ಸ್ವಲ್ಪ ಒರಟು, ಹೆಡ್ ಸವೆಯುತ್ತದೆ. ಡ್ರೈವ್ ಕೇಳಿದಾಗ ಮಾತ್ರ ಹಾಕಿ. ಹಾಕಿದ ಮೇಲೆ ಸಿ ಹೋಯಿತು.

ಆಮೇಲೆ ಮೂರು ಸಲ ಒತ್ತಿ ಪರೀಕ್ಷೆಯ ಮೋಡ್‌ಗೆ ಹೋದೆ. ಬಟನ್ ಒಂದೊಂದೇ ಸಲ ಒತ್ತಿದ ಹಾಗೆ ಅಕ್ಷರ ಬದಲಾಗುತ್ತದೆ. ಎಚ್ ಅಂದ್ರೆ ಹೆಡ್ ಪರೀಕ್ಷೆ. ಅದನ್ನ ಆರಿಸಿದರೆ ಮತ್ತೆ ಸಿ ಬಂತು, ನನ್ನ ಎದೆ ಧಸಕ್ ಅಂತು. ಮ್ಯಾನುಯಲ್ ನೋಡಿದರೆ, ಈ ಮೋಡ್‌ನಲ್ಲಿ ಸಿ ಅಂದ್ರೆ ಕಾರ್ಟ್ರಿಡ್ಜ್ ಹಾಕು ಅಂತ. ಒಂದೇ ಅಕ್ಷರಕ್ಕೆ ಎರಡು ಅರ್ಥ ಇಟ್ಟವರಿಗೆ ದೊಡ್ಡ ನಮಸ್ಕಾರ. ಇಲ್ಲಿ ಹಾಕೋ ಟೇಪ್ ಬೇಡದ್ದೇ ಆಗಿರಬೇಕು. ಪರೀಕ್ಷೆ ಅದರ ಮೇಲೆ ಬರೆದು ನೋಡುತ್ತದೆ, ಇದ್ದದ್ದು ಹೋಗುತ್ತದೆ. ಪಾಸಾಯಿತು.

ಡ್ರೈವ್ ಜೊತೆ ಐದು ಹಳೇ ಟೇಪ್ ಕೊಟ್ಟಿದ್ದರು. ಅದರಲ್ಲಿ ಒಂದನ್ನ ಡ್ರೈವ್ ಒಳಗೆ ತಗೊಂಡು ಎರರ್ ತೋರಿಸಿ ಉಗುಳುತ್ತಿತ್ತು. ಹಳೇ ಆಫೀಸಿನವರು ಡೇಟಾ ಹೋಗಲಿ ಅಂತ ದೊಡ್ಡ ಆಯಸ್ಕಾಂತದಲ್ಲಿ ಅಳಿಸಿದ್ದಿರಬೇಕು. ಆಡಿಯೋ ಕ್ಯಾಸೆಟ್‌ಗೆ ಹಾಗೆ ಮಾಡಬಹುದಿತ್ತು. ಎಲ್‌ಟಿಒದಲ್ಲಿ ಹೆಡ್‌ಗೆ ದಾರಿ ತೋರಿಸೋ ಸರ್ವೋ ಗೆರೆಗಳನ್ನ ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಅವು ಅಳಿಸಿದರೆ ಮನೆಯ ಡ್ರೈವ್ ಅದನ್ನ ಮತ್ತೆ ಬರೆಯಲಾರದು. ಆ ಟೇಪ್ ಈಗ ಸ್ಟುಡಿಯೋ ಬಾಗಿಲಿಗೆ ಅಡ್ಡ ಇಡೋಕೆ ಆಗಿದೆ.

ಇಷ್ಟಾದ ಮೇಲೆ ಸಾಫ್ಟ್‌ವೇರ್.

ಭಾವನ ಆಸೆ ಸಣ್ಣದು. "ವಿಂಡೋಸ್‌ನಲ್ಲಿ ಎಳೆದು ಹಾಕಿದರೆ ಹೋಗಬೇಕು, ಅಷ್ಟೇ." ವಿಂಡೋಸ್‌ನಲ್ಲೇ ಇದ್ದ ಎನ್‌ಟಿಬ್ಯಾಕಪ್ ಟೇಪ್‌ಗೆ ಬರೆಯುತ್ತಿತ್ತು. ಸರ್ವರ್ 2008ರಿಂದ ಅದರ ಜಾಗಕ್ಕೆ ಬಂದ ವಿಂಡೋಸ್ ಸರ್ವರ್ ಬ್ಯಾಕಪ್ ಟೇಪನ್ನ ಕೈಬಿಟ್ಟಿತು. ಎಳೆದು ಹಾಕೋಕೆ ಈಗ ಇರೋ ದಾರಿ ಎಲ್‌ಟಿಎಫ್‌ಎಸ್, ಅಂದ್ರೆ ಟೇಪಿಗೆ ಅಂತಲೇ ಮಾಡಿದ ಫೈಲ್ ಸಿಸ್ಟಂ. ಎಲ್‌ಟಿಒ-5ರಿಂದಲೇ ಅದು ಸಾಧ್ಯವಾದದ್ದು, ಯಾಕೆಂದ್ರೆ ಟೇಪನ್ನ ಎರಡು ಭಾಗ ಮಾಡೋಕೆ ಬಂದದ್ದು ಆಗಲೇ. ಒಂದು ಸಣ್ಣ ಭಾಗದಲ್ಲಿ ಫೈಲ್‌ಗಳ ಪಟ್ಟಿ, ಉಳಿದದ್ದರಲ್ಲಿ ಡೇಟಾ. ನೋಡೋಕೆ ಪೆನ್ ಡ್ರೈವ್ ಥರ. ನಾನು ಬೇಡ ಅಂದದ್ದು ಅದೇ ಕಾರಣಕ್ಕೆ. ಪೆನ್ ಡ್ರೈವ್ ಥರ ಕಂಡರೆ ಭಾವ ಅದನ್ನ ಪೆನ್ ಡ್ರೈವ್ ಥರವೇ ಬಳಸ್ತಾರೆ. ಫೈಲ್ ಅಳಿಸಿದರೆ ಜಾಗ ವಾಪಸ್ ಬರಲ್ಲ. ಎರಡು ಫೋಟೋ ಒಟ್ಟಿಗೆ ತೆರೆದರೆ ಟೇಪ್ ಆ ತುದಿಗೂ ಈ ತುದಿಗೂ ಓಡುತ್ತದೆ. ಸರಿಯಾಗಿ ಅನ್‌ಮೌಂಟ್ ಮಾಡದೆ ಕರೆಂಟ್ ಹೋದರೆ ಪಟ್ಟಿ ಹಳೆಯದೇ ಉಳಿದು, ಆಮೇಲೆ ರಿಪೇರಿ ಮಾಡುತ್ತಾ ಕೂರಬೇಕು. ಸಾಗರದಲ್ಲಿ ಮಳೆಗಾಲದ ಕರೆಂಟ್ ವಿಷಯ ಹೇಳಬೇಕಾ. ಶಿಸ್ತು ಇರೋರಿಗೆ ಎಲ್‌ಟಿಎಫ್‌ಎಸ್ ಒಳ್ಳೆಯದೇ. ಬೇರೆ ಸ್ಟುಡಿಯೋಗೆ ಟೇಪ್ ಕಳಿಸೋದಿದ್ದರೆ ನಾನೂ ಅದನ್ನೇ ಹಾಕ್ತೀನಿ.

ಬಾಕ್ಯುಲಾ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್, ಅದರಿಂದ ಕವಲೊಡೆದ ಬೇರಿಯೋಸ್, ಎರಡನ್ನೂ ನೋಡಿದೆ. ಒಳ್ಳೆಯ ಕೆಲಸಗಾರರು. ಬಾಕ್ಯುಲಾದ ಬಿಟೇಪ್ ಅನ್ನೋ ಸಣ್ಣ ಪರೀಕ್ಷಾ ಪ್ರೋಗ್ರಾಂ ಅಂತೂ ಯಾವ ಸಾಫ್ಟ್‌ವೇರ್ ಹಾಕೋರಿಗೂ ಉಪಯೋಗ. ಈ ಡ್ರೈವ್ ಬರೆದದ್ದನ್ನ ಸರಿಯಾಗಿ ಓದುತ್ತದಾ, ಫೈಲ್ ಗುರುತು ದಾಟಿ ಮುಂದೆ ಹಿಂದೆ ಹೋಗುತ್ತದಾ ಅಂತ ಇಪ್ಪತ್ತು ಕಂಪ್ಯೂಟರ್ ಇರೋ ಆಫೀಸಿಗೆ ಬೇಕಾದಷ್ಟು ಕಟ್ಟುನಿಟ್ಟಾಗಿ ನೋಡುತ್ತದೆ. ಆದರೆ ಇವು ಬರೆಯೋದು ತಮ್ಮದೇ ರೂಪದಲ್ಲಿ. ಯಾವ ಟೇಪಿನಲ್ಲಿ ಏನಿದೆ ಅನ್ನೋದು ಒಂದು ಡೇಟಾಬೇಸ್‌ನಲ್ಲಿ. ಒಂದು ಕಂಪ್ಯೂಟರ್ ಇರೋ ಸ್ಟುಡಿಯೋಗೆ ಮೂರು ಸರ್ವಿಸ್, ಒಂದು ಡೇಟಾಬೇಸ್. ಎರಡು ಎಕರೆ ಗದ್ದೆಗೆ ಮೂರು ಟ್ರ್ಯಾಕ್ಟರ್.

ಅಮಾಂಡಾ ಅನ್ನೋ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರ್ ಮನಸ್ಸಿಗೆ ಹಿಡಿಸಿತು. 1991ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಟೇಪಿನ ಮೇಲೆ ಪ್ರತಿ ಬ್ಯಾಕಪ್‌ನ ಮುಂದೆ 32 ಕೆಬಿಯ ಒಂದು ತಲೆಬರಹ, ಅದರ ಹಿಂದೆ ಸಾದಾ ಟಾರ್, ಅಂದ್ರೆ ಹಲವು ಫೈಲ್‌ಗಳನ್ನ ಒಂದೇ ಗಂಟಾಗಿ ಕಟ್ಟಿದ್ದು. ಅಮಾಂಡಾ ಇಲ್ಲದೆಯೂ ತಲೆಬರಹ ದಾಟಿ ಒಳಗಿನದನ್ನ ತೆಗೆಯಬಹುದು. ಅಲ್ಲಿಗೆ ನನಗೆ ಬೇಕಾದದ್ದು ಏನು ಅಂತ ಸ್ಪಷ್ಟವಾಯಿತು. ಬರೆದ ಸಾಫ್ಟ್‌ವೇರ್ ಇಲ್ಲದಿದ್ದರೂ ಓದೋಕೆ ಬರಬೇಕು. ಹಾಗಾದರೆ ನೇರ ಟಾರ್ ಯಾಕಾಗಬಾರದು? ಟಾರ್ ಅಂದ್ರೆ ಟೇಪ್ ಆರ್ಕೈವ್, ಹೆಸರಿನಲ್ಲೇ ಟೇಪ್ ಇದೆ. 1979ರ ಯುನಿಕ್ಸ್‌ನಿಂದ ಇವತ್ತಿನವರೆಗೂ ಬದುಕಿದೆ.

ಟಾರ್ ಅಂದ ಮಾತ್ರಕ್ಕೆ ತಪ್ಪು ಮಾಡೋಕೆ ಆಗಲ್ಲ ಅಂತಲ್ಲ. ಲಿನಕ್ಸ್‌ನಲ್ಲಿ ಒಂದೇ ಡ್ರೈವ್‌ಗೆ ಎರಡು ಹೆಸರು. ಎಸ್‌ಟಿ0 ಅಂತ ಕರೆದರೆ ಕೆಲಸ ಮುಗಿದ ಕೂಡಲೇ ಟೇಪ್ ಮೊದಲಿಗೆ ಸುತ್ತಿಕೊಳ್ಳುತ್ತದೆ. ಎನ್‌ಎಸ್‌ಟಿ0 ಅಂದರೆ ಇದ್ದಲ್ಲೇ ನಿಲ್ಲುತ್ತದೆ. ನಾನು ಮೊದಲ ದಿನ ಎಸ್‌ಟಿ0 ಹೆಸರಲ್ಲಿ ಒಂದು ಮದುವೆ ಬರೆದೆ. ಅದೇ ಹೆಸರಲ್ಲಿ ಒಂದು ಉಪನಯನ ಬರೆದೆ. ವಾಪಸ್ ಓದಿದರೆ ವಟು ಒಬ್ಬನೇ ಇದ್ದ. ಮೂಲ ಡಿಸ್ಕ್‌ನಲ್ಲಿತ್ತು, ಬಚಾವ್.

ಎರಡನೇದು ಬ್ಲಾಕ್ ಗಾತ್ರ. ಟಾರ್ ಸುಮ್ನೆ ಬಿಟ್ಟರೆ 10 ಕೆಬಿ ಚೂರುಗಳಲ್ಲಿ ಬರೆಯುತ್ತದೆ. ಇಂಥ ಡ್ರೈವ್‌ಗೆ ಅದು ಚಮಚದಲ್ಲಿ ನೀರು ಹೊತ್ತ ಹಾಗೆ. ಬ್ಲಾಕಿಂಗ್ 512 ಅಂತ ಕೊಟ್ಟರೆ 256 ಕೆಬಿ ಆಗುತ್ತದೆ. ಎಂಟಿಯಲ್ಲಿ ಸೆಟ್‌ಬ್ಲಾಕ್ 0 ಕೊಟ್ಟು ಡ್ರೈವನ್ನ ಬದಲಾಗೋ ಗಾತ್ರದ ಮೋಡ್‌ಗೆ ತಂದೆ. ಆದರೆ ಓದುವಾಗಲೂ ಅದೇ ಸಂಖ್ಯೆ ಹೇಳಬೇಕು. ಚಿಕ್ಕದು ಹೇಳಿದರೆ, ಮೆಮೊರಿ ಕೊಡಲಾಗಲಿಲ್ಲ ಅಂತ ಎರರ್ ಬರುತ್ತದೆ. ಅದನ್ನ ಓದಿ ಜನ ರ‍್ಯಾಮ್ ಬದಲಾಯಿಸೋಕೆ ಹೋಗ್ತಾರೆ. ಟೇಪಿನ ಬ್ಲಾಕ್ ದೊಡ್ಡದು, ನೀವು ಹಿಡಿದ ಪಾತ್ರೆ ಚಿಕ್ಕದು, ಅಷ್ಟೇ.

ಮೂರನೇದು ವೇಗ. ಎಲ್‌ಟಿಒ-5 ಸೆಕೆಂಡಿಗೆ 140 ಎಂಬಿ ಕೇಳುತ್ತದೆ. ಕಮ್ಮಿ ಕೊಟ್ಟರೆ ತಾನೂ ನಿಧಾನ ಮಾಡಿಕೊಳ್ಳುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಅದಕ್ಕಿಂತ ಕೆಳಗಾದರೆ ನಿಲ್ಲುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಓಡಿ ಬಂದು ಬರೆಯುತ್ತದೆ. ಆ ಸದ್ದು ಕೇಳಿದರೇ ಹೊಟ್ಟೆ ತೊಳಸುತ್ತದೆ. ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. ಭಾವನ ಎಡಿಟಿಂಗ್ ಮೆಷಿನ್‌ನಿಂದ ನೆಟ್‌ವರ್ಕ್ ಮೇಲೆ ನೇರ ಬರೆದರೆ ಚೆನ್ನಾಗಿ ನಡೆದಾಗಲೂ 110 ಎಂಬಿ ದಾಟಲ್ಲ. ಅದಕ್ಕೆ ಮೊದಲು ಟೇಪ್ ಕಂಪ್ಯೂಟರಿನ ಡಿಸ್ಕಿಗೆ ಕಾಪಿ. ಸಾವಿರಾರು ಸಣ್ಣ ಫೋಟೋ ಫೈಲ್ ಇದ್ದರೆ ಎಸ್‌ಎಸ್‌ಡಿ ಮೇಲೆ. ಆಮೇಲೆ ಟಾರ್ ಮತ್ತು ಡ್ರೈವ್ ನಡುವೆ ಎಂಬಫರ್ ಅನ್ನೋ ಪ್ರೋಗ್ರಾಂ. 4 ಜಿಬಿ ಮೆಮೊರಿ ಕೊಟ್ಟು, ನೂರಕ್ಕೆ 90 ಭಾಗ ತುಂಬಿದ ಮೇಲೆ ಬರೆಯೋಕೆ ಶುರು ಮಾಡು ಅಂತ ಹೇಳಿದೆ. ಈಗ ಟೇಪ್ ಒಂದೇ ಲಯದಲ್ಲಿ ಓಡುತ್ತದೆ. ಪೂರ್ತಿ ಟೇಪ್ ತುಂಬೋಕೆ ಮೂರು ಗಂಟೆ.

ಬರೆಯೋ ಮುಂಚೆ ಪ್ರತಿ ಫೈಲ್‌ನ ಚೆಕ್‌ಸಮ್, ಅಂದ್ರೆ ಫೈಲ್ ಬದಲಾದರೆ ತಾನೂ ಬದಲಾಗೋ ಸಂಖ್ಯೆ, ಅದರ ಪಟ್ಟಿ ಮಾಡಿ ಅದನ್ನೂ ಜೊತೆಗೆ ಟೇಪಿಗೆ ಹಾಕ್ತೀವಿ. ಮುಗಿದ ಮೇಲೆ ಟೇಪ್ ಹೊರಗೆ ತೆಗೆದು, ಮತ್ತೆ ಹಾಕಿ, ಪೂರ್ತಿ ಓದಿ ಪಟ್ಟಿಗೆ ತಾಳೆ ನೋಡ್ತೀವಿ. ಇನ್ನೂ ಮೂರು ಗಂಟೆ. ಭಾವ ಮೊದಲು ಗೊಣಗಿದರು. ಎರಡನೇ ಟೇಪಿನಲ್ಲಿ ಒಂದು ಫೈಲ್ ತಾಳೆಯಾಗದೆ ಮತ್ತೆ ಬರೆಯಬೇಕಾಗಿ ಬಂದಾಗಿಂದ ಗೊಣಗೋದು ನಿಂತಿದೆ.

ಹೋದ ವಾರ ಒಬ್ಬರು ಬಂದರು. ಎರಡು ವರ್ಷದ ಹಿಂದಿನ ಮದುವೆ, ತೀರಿಹೋದ ಅಜ್ಜ ಆಶೀರ್ವಾದ ಮಾಡೋ ತುಂಡು ಬೇಕು ಅಂದರು. ನಾನು ಊರಲ್ಲಿರಲಿಲ್ಲ. ಫೋನಿನಲ್ಲಿ ಭಾವನಿಗೆ ಹೇಳಿದೆ, "ಭಾವ, ಡಬ್ಬದ ಚೀಟಿ ನೋಡಿ." ಚೀಟಿಯಲ್ಲಿ ಅವರದ್ದೇ ಕೈಬರಹ: ಟೇಪ್ 4, ಮೂರನೇ ಫೈಲ್, ಬ್ಲಾಕ್ 512, ಎನ್‌ಎಸ್‌ಟಿ0. ಮೊದಲಿಂದ ಎರಡು ಫೈಲ್ ಗುರುತು ದಾಟಿಸೋಕೆ ಎಫ್‌ಎಸ್‌ಎಫ್ 2, ಆಮೇಲೆ ಟಾರ್. ನಲವತ್ತು ನಿಮಿಷಕ್ಕೆ ಫೋನ್ ಬಂತು. "ಬಂತು ಮಾರಾಯ. ಅಜ್ಜ ಅಕ್ಷತೆ ಹಾಕ್ತಾ ಇದಾರೆ."

ಟೇಪನ್ನ ವರ್ಷಗಟ್ಟಲೆ ಇಡೋದಾದರೆ 16ರಿಂದ 25 ಡಿಗ್ರಿ ಶಾಖ, ನೂರಕ್ಕೆ 20ರಿಂದ 50 ತೇವ ಇರಬೇಕು ಅನ್ನುತ್ತಾರೆ. ಸಾಗರದ ಆಷಾಢದಲ್ಲಿ ಬೆಲ್ಟಿಗೂ ಬೂಷ್ಟು ಬರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಒಂದು ಕಾಪಿ ಸ್ಟುಡಿಯೋದಲ್ಲಿ ಇಟ್ಟಿದ್ದೇವೆ. ಇನ್ನೊಂದು ದಾವಣಗೆರೆಯಲ್ಲಿ ನಮ್ಮ ಮನೆಯ ಅಲ್ಮೆರಾದಲ್ಲಿ, ರೇಷ್ಮೆ ಸೀರೆಗಳ ಪಕ್ಕ. ಮಳೆಗಾಲ ಮುಗಿದ ಮೇಲೆ ಟೇಪ್ 1ನ್ನ ಪೂರ್ತಿ ಓದಿ ನೋಡೋದಿದೆ.